ನೂರ ಮೂವತ್ತೇಳು ಟೇಪು

ಇಲಾಖೆಯ ಉತ್ತರ ಒಂದೂವರೆ ಪುಟ.
ಕಾರೆಗುಳಿಯಿಂದ ಹಾಲ್ಮುಡಿ ಶಾಲೆಗೆ
ಒಂಬೈನೂರ ಎಂಬತ್ತು ಮೀಟರ್,
ಕಾಯ್ದೆ ಹೇಳುವ ಒಂದು ಕಿಲೋಮೀಟರಿನ ಒಳಗೇ.
ಕೆಳಗೆ ಸಹಿ, ಸೀಲು, ದಿನಾಂಕ.

ಜುಲೇಖಾ ಮೇಡಂ ಅದನ್ನು ಎರಡು ಸಲ ಓದಿ
ಕನ್ನಡಕ ತೆಗೆದಿಟ್ಟು
"ಮಂಜೋಜಿ, ಟೇಪು ತಗೊಳ್ಳಿ" ಅಂದರು.
ಹೊಸನಗರದ ಕೋರ್ಟಿನಲ್ಲಿ ಹತ್ತೊಂಬತ್ತು ವರ್ಷ ಗುಮಾಸ್ತ ನಾನು.
ವಾಯಿದೆ ಬರೆದಿದ್ದೇನೆ, ಸ್ಟಾಂಪು ಅಂಟಿಸಿದ್ದೇನೆ,
ಜಮೀನು ಅಳೆದವರ ಜಗಳ ಟೈಪ್ ಮಾಡಿದ್ದೇನೆ.
ಮಕ್ಕಳ ದಾರಿ ಅಳೆದದ್ದು ಅದೇ ಮೊದಲು.

ಮೂವತ್ತು ಮೀಟರಿನ ಟೇಪು.
ಒಂದು ತುದಿ ನನ್ನ ಕೈಲಿ, ಇನ್ನೊಂದು ಅಶ್ವಿತಾಳ ಕೈಲಿ.
ಮೂರನೇ ಕ್ಲಾಸು, ಅರ್ಜಿದಾರಳ ಮೊಮ್ಮಗಳು.
ಅವಳು ಮುಂದೆ ಓಡಿ ಕಲ್ಲಿಟ್ಟು "ಹೂಂ" ಅನ್ನಬೇಕು,
ನಾನು ಅಲ್ಲಿಗೆ ನಡೆದು ಗೀಟು ಹಾಕಬೇಕು.
ಹದಿನಾಲ್ಕನೇ ಟೇಪಿಗೆ ತಂತಿಬೇಲಿ.
ನಲವತ್ತೊಂದಕ್ಕೆ ಹಳ್ಳ, ಮೇಲೊಂದು ಸಂಕ.
"ಮಳೆಗಾಲದಲ್ಲಿ ಇದು ಇರೋದಿಲ್ಲ" ಅಂದಳು,
ಹಳ್ಳದ ಮಾತಲ್ಲ, ಸಂಕದ್ದು.
ಅರವತ್ತರ ಹತ್ತಿರ ಕಾಡುಕೋಣದ ಸಗಣಿ.
ಮೇಡಂ ಬಗ್ಗಿ ನೋಡಿ ಬರೆದುಕೊಂಡರು: ಹಸಿ.

ನನ್ನ ಮಗನಿಗೆ ದಿನಾ ಬೆಳಿಗ್ಗೆ
ಹಳದಿ ವ್ಯಾನು ಗೇಟಿನೆದುರು ಹಾರ್ನ್ ಹೊಡೆದು ಕಾಯುತ್ತದೆ.
ಅದನ್ನು ಅರ್ಜಿಯಲ್ಲಿ ಬರೆಯಲಿಲ್ಲ.

ಒಟ್ಟು ನೂರ ಮೂವತ್ತೇಳು.
ನಾಲ್ಕು ಸಾವಿರದ ನೂರ ಹತ್ತು ಮೀಟರ್.
ಹಾಗಾದರೆ ಒಂಬೈನೂರ ಎಂಬತ್ತು ಎಲ್ಲಿಂದ ಬಂತು?
ನಕ್ಷೆ ಬಿಚ್ಚಿದೆವು.
ಯಾರೋ ಸ್ಕೇಲಿಟ್ಟು ಎಳೆದ ಗೆರೆ
ಸೀದಾ ಹಿನ್ನೀರಿನ ಮೇಲೆ ನಡೆದುಹೋಗಿದೆ.

ಅರ್ಜಿದಾರಳು ಹುಚ್ಚಮ್ಮ ಕೋಂ ತೇಕಪ್ಪ, ಅರವತ್ತೆಂಟು ವರ್ಷ,
ಕವಳ ಜಗಿಯುತ್ತಾ ಬಂದು
ಗೆರೆಯ ನಟ್ಟನಡುವೆ ಬೆರಳಿಟ್ಟಳು.
"ಇಲ್ಲೇ ಇತ್ತು ನನ್ನ ಶಾಲೆ. ಒಂದನೇ ಕ್ಲಾಸು ಅರ್ಧ ಓದಿದ್ದೆ.
ಆಗ ಮುಳುಗಡೆ ಅಂದರು.
ಈಗ ಇವಳ ಶಾಲೆಗೆ ಏನೋ ಅಂತಾರಲ್ಲ, ಅದೆಂಥದು?"
"ವಿಲೀನ" ಅಂದೆ.
ಆರೇ ಮಕ್ಕಳು, ಆದ್ದರಿಂದ ವಿಲೀನ.
ಆ ಪದವನ್ನು ಹನ್ನೊಂದು ಸಲ ಟೈಪ್ ಮಾಡಿದ್ದವನು ನಾನು.
"ಇದಕ್ಕೆ ನೀರು ಎಲ್ಲಿವರೆಗೆ ಬರ್ತದೆ?" ಕೇಳಿದಳು.

ಶಿವಮೊಗ್ಗದಲ್ಲಿ ವಿಚಾರಣೆ.
ಎದುರು ಕಡೆಯವರು ಕಾನೂನು ಅರೆದು ಕುಡಿದವರು:
ಅಂತರ ಅಂದರೆ ಅಂತರ ಸ್ವಾಮೀ, ದಾರಿ ಅಲ್ಲ.
ಮೇಡಂ ದನಿ ಏರಿಸಲಿಲ್ಲ.
"ಹಾಗಿದ್ದರೆ ಇಲಾಖೆ ಈ ವರ್ಷ
ಶೂ ಬದಲು ದೋಣಿ ಹಂಚಲಿ" ಅಂದರು.
ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.
ನ್ಯಾಯಾಧೀಶರು ನಗದೆ ಹುಡುಗಿಯನ್ನು ಹತ್ತಿರ ಕರೆದು
"ಶಾಲೆ ಎಷ್ಟು ದೂರ ಮಗೂ?" ಅಂದರು.
ಅಶ್ವಿತಾ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.
ಆಮೇಲೆ ಕೇಳಿದಳು:
"ಹೋಗುವಾಗಲಾ, ಬರುವಾಗಲಾ?"

ಅದನ್ನು ಬರೆದುಕೊಳ್ಳಲು ಯಾವ ಕಾಲಮ್ಮೂ ಇರಲಿಲ್ಲ.

ಆದೇಶ ಇನ್ನೂ ಆಗಿಲ್ಲ. ಮುಂದಿನ ವಾಯಿದೆ ಜೂನ್ ಹದಿನೇಳು,
ಅಷ್ಟರಲ್ಲಿ ಮಳೆ ಹಿಡಿಯುತ್ತದೆ, ಸಂಕ ಇರುವುದಿಲ್ಲ.
ಟೇಪು ಪೂರ್ತಿ ಒಳಕ್ಕೆ ಸುತ್ತಿಕೊಳ್ಳುತ್ತಿಲ್ಲ,
ಕೊನೆಯ ಎರಡು ಗೇಣಿಗೆ ಕೆಸರು ಒಣಗಿದೆ.
ಒದ್ದೆ ಬಟ್ಟೆ ತಂದೆ. ಮೇಡಂ ಬೇಡ ಅಂದರು.
ಹಾಗೇ ಚೀಟಿ ಕಟ್ಟಿ ಬರೆದೆ:
ನಿಶಾನೆ ಪಿ ಏಳು.