ಷರಾ

ಕೋಡಿಬಾಗದ ಬಾಡಿಗೆ ಮನೆಯ ಪಡಸಾಲೆಯಲ್ಲಿ
ಕೈತಾನ ಬಾಟಲಿಯನ್ನು ಲುಂಗಿಯ ತುದಿಯಿಂದ ಒರೆಸಿ
ನನ್ನ ಕೈಗಿಟ್ಟ, ಬಾಣಂತಿ ಕೋಣೆಯಿಂದ ಕೂಸನ್ನು ತಂದು ಕೊಟ್ಟ ಹಾಗೆ,
ಕುತ್ತಿಗೆಗೊಂದು ಕೈ, ಬುಡಕ್ಕೊಂದು ಕೈ.
"ಓದ್ರಿ ಕಾರಕೂನ್ರೇ. ನೀವು ಓದಿದವರು."

ಓದಲು ಬಂದದ್ದು ಇಸವಿಯೊಂದೇ.
ಉಳಿದದ್ದು ಫ್ರೆಂಚು. ಅಕ್ಷರ ಇಂಗ್ಲಿಷಿನವೇ,
ಮುಖ ಗುರುತಿನದು, ಮಾತು ಬೇರೆ.
ಅವನೇ ಬೆರಳಿಟ್ಟು ತೋರಿಸಿದ: ಇದು ಊರು,
ಇದು ತೋಟದವರ ಹೆಸರು,
ಇಲ್ಲಿ, ಈ ಎರಡು ಶಬ್ದ:
ಹಳೇ ಬಳ್ಳಿ.

ಎಂಜಿನ್ ಕೆಟ್ಟ ಹಡಗು ಸೆತ್ ಬಂದರಿನಲ್ಲಿ
ಹತ್ತೊಂಬತ್ತು ದಿನ ನಿಂತಿತ್ತಂತೆ. ಇವನು ಅಡುಗೆಯವನು.
ತಿನ್ನುವ ಬಾಯಿಗಳೆಲ್ಲ ಪೇಟೆ ತಿರುಗಲು ಹೋದ ಮೇಲೆ
ಬೋರಲು ಹಾಕಿದ ಪಾತ್ರೆ ನೋಡುತ್ತ ಕೂರಲಾರದೆ
ದ್ರಾಕ್ಷಿ ಕೊಯ್ಲಿಗೆ ಹೋದ, ದಿನಗೂಲಿಗೆ.

"ಚಪ್ಪರ ಇಲ್ಲ, ತಂತಿ ಇಲ್ಲ. ಮೊಣಕಾಲೆತ್ತರದ ಕರೀ ಮೋಟು.
ಮುದುಕರು ಬೀಡಿ ಸೇದ್ತಾ ಕುಕ್ಕರುಗಾಲಲ್ಲಿ ಕೂತ ಹಾಗೆ
ಗುಡ್ಡ ತುಂಬ.
ಮಣ್ಣು ಎಲ್ಲಿ ಅಂತ ಹುಡುಕಬೇಕು, ಬರೀ ಕಲ್ಲು.
ಬಿಸಿಲು ನಮ್ಮದೇ, ಆದ್ರೆ ಬೆವರು ಮೈಮೇಲೆ ನಿಲ್ಲೂದಿಲ್ಲ,
ಗಾಳಿ ಒಯ್ತದೆ.
ಒಂದು ಮೋಟಿಗೆ ಎರಡೋ ಮೂರೋ ಗೊಂಚಲು,
ಕವಳಿ ಹಣ್ಣಿನಷ್ಟೇ ಹಣ್ಣು."

ಇಷ್ಟು ಕಡಿಮೆ ಬಿಡುವುದನ್ನು ಕಡಿದು
ಹೊಸದು ನೆಡಬಾರದೇ ಎಂದು ಕೈಸನ್ನೆಯಲ್ಲಿ ಕೇಳಿದನಂತೆ.
ತೋಟದ ಯಜಮಾನಿ, ಕತ್ತರಿ ಕೆಳಗಿಡದೆ,
ನೆಲ ತೋರಿಸಿದಳು. ತನ್ನ ಮೊಣಕೈ ತೋರಿಸಿದಳು, ಹೆಗಲು ತೋರಿಸಿದಳು,
ಮತ್ತೂ ಕೆಳಗೆ, ಮತ್ತೂ ಕೆಳಗೆ ಎಂದು
ಕೂತೇಬಿಟ್ಟಳು ಕಲ್ಲಿನ ಮೇಲೆ.
ಎಳೇ ಬಳ್ಳಿ ಮಳೆ ಕುಡಿಯುತ್ತದೆ,
ಹಳೆಯದು ಕಲ್ಲಿನಡಿಯ ಕತ್ತಲೆ ಕುಡಿಯುತ್ತದೆ.
ಇದು ಅವಳು ಹೇಳಿದ್ದೋ ಇವನು ಸೇರಿಸಿದ್ದೋ,
ಅಡುಗೆಯವರು ಒಗ್ಗರಣೆ ಬಿಡುವುದಿಲ್ಲ.

"ಅದಕ್ಕೇ ರೇಟು ಜಾಸ್ತಿ.
ಹಳೇದು ಅಂತ ಚೀಟಿ ಮೇಲೇ ಬರೀತಾರೆ, ನೋಡ್ರಿ."

ನೋಡಿದೆ.

ನೌಕಾನೆಲೆಗೆಂದು ಊರು ಬಿಡಿಸಿದ ವರ್ಷ
ಇವನ ಹಿತ್ತಲಿಗೆ ಟೇಪು ಹಿಡಿದು ಹೋದವರಲ್ಲಿ ನಾನೊಬ್ಬ.
ಇವನು ಆಗ ಯಾವ ಸಮುದ್ರದಲ್ಲಿದ್ದನೋ.
ಜವಾನ ಸುತ್ತಳತೆ ಕೂಗಿದ, ನಾನು ಬರೆದೆ.
ತೆಂಗು ಹನ್ನೊಂದು. ಗೇರು ನಾಲ್ಕು. ಮುರುಗಲು ಒಂದು.
ಕರಿ ಇಶಾಡ ಮಾವು ಒಂದು.

ರೆಮೆದಿಬಾಯಿ, ಇವನ ತಾಯಿ,
ಪಿಂಗಾಣಿ ತಟ್ಟೆಯಲ್ಲಿ ಹೋಳು ತಂದಿಟ್ಟಳು.
"ಮೂರೇ ಬಿಟ್ಟಿತ್ತು ಈ ಸಲ. ತಿಂದು ಬರ್ಕೊಳ್ಳಿ."
ತಿಂದೆ.
ನಾಲಗೆಯ ಮೇಲೆ ಅದಿನ್ನೂ ಇರುವಾಗಲೇ
ಷರಾ ಕಾಲಮ್ಮಿನಲ್ಲಿ ಬರೆದೆ:
ಮುದಿ ಮರ. ಫಸಲು ಕಮ್ಮಿ. ಸೌದೆಯ ದರ.
ನನ್ನ ಅಕ್ಷರ ದುಂಡಗೆ. ಸಾಹೇಬರು ಮೆಚ್ಚಿದ್ದರು.

ಕೂಲಿಯ ಬದಲು ಸಿಕ್ಕ ಬಾಟಲಿ ಬಗಲಲ್ಲಿಟ್ಟು
ಇವನು ಬಂದಿಳಿದಾಗ ಮರ ಬೇಲಿಯ ಆಚೆ.
ಆಮೇಲೆ ಬೇಲಿಯ ಆಚೆಯೂ ಇಲ್ಲ.
ಅದರಡಿ ಕೂತು ಕುಡಿಯಬೇಕೆಂದಿದ್ದನಂತೆ.
ಅಂದಿನಿಂದ ಅಕ್ಕಿ ಡಬ್ಬದಲ್ಲಿತ್ತು,
ನಾಲ್ಕು ಬಾಡಿಗೆ ಮನೆ, ಒಂದೇ ಡಬ್ಬ.

ಬಿರಡೆ ಪುಡಿಯಾಯಿತು. ಚಹಾ ಸೋಸುವ ಜರಡಿಯಲ್ಲಿ
ಸ್ಟೀಲ್ ಲೋಟಕ್ಕೆ ಸೋಸಿದ.
ಇಟ್ಟಿಗೆ ಬಣ್ಣ, ಅಂಚಿಗೆ ಕಂದು,
ಮಳೆಗಾಲದ ಮೊದಲ ವಾರದ ಕಾಳಿ ನದಿ.
ನನಗೆ ಅಭ್ಯಾಸವಿಲ್ಲ. ಬೇಡವೆನ್ನಲು ಬಾಯಿ ಬರಲಿಲ್ಲ.

ಮೊದಲು ಹುಳಿ, ಕಣ್ಣು ಮುಚ್ಚುವಷ್ಟು.
ಆಮೇಲೆ ಗೇರುಹಣ್ಣಿನ ಒಗರು. ಆಮೇಲೆ, ತೀರಾ ತಡವಾಗಿ,
ಗಂಟಲಿಳಿದು ಮುಗಿಯಿತು ಅಂದುಕೊಂಡ ಮೇಲೆ
ಎಲ್ಲಿಂದಲೋ ಒಂದು ಸಿಹಿ.

"ಕೆಟ್ಟು ಹೋಗಿದೆ," ಅಂದ ಕೈತಾನ. ನಕ್ಕ.
"ಶಿರ್ಕ ಆಗಿದೆ. ನಾಳೆ ಬಂಗಡೆಗೆ ಹಾಕಿದ್ರಾಯ್ತು."
ಅವನಿಗೆ ತಾಯಿ ಹೇಳಿರಬಹುದೇ,
ತಟ್ಟೆ ಖಾಲಿ ಮಾಡಿ ಬರೆದವನು ಯಾರೆಂದು?
ಅವನು ನನ್ನನ್ನು ಇವತ್ತಿಗೂ ಹೆಸರು ಹಿಡಿದು ಕರೆದಿಲ್ಲ.

ಲೋಟ ಮುಂದೆ ಚಾಚಿದೆ. ಇನ್ನಷ್ಟು ಸೋಸಿದ.
ಬಾಟಲಿ ತೊಳೆದು ಎಣ್ಣೆಗೆ ಇಟ್ಕೊಳ್ತೇನೆ,
ಗಟ್ಟಿ ಗಾಜು, ಅಂದ, ಉಗುರಿನಿಂದ ಚೀಟಿಯ ಮೂಲೆ ಕೆದರುತ್ತ.

ಅದೊಂದು ಇರಲಿ ಬಿಡು, ಅಂದೆ.