ಇನ್ನೊಂದು ಯಾರದು

ಮಲ್ಪೆ. ಐಸ್ ಪ್ಲಾಂಟಿನ ಮೇಲಿನ ಕೋಣೆ. ರಾತ್ರಿ ಒಂದೂವರೆ.
ಹೊಸ ಕಂಪೈಲರ್ ಬಂದು ಒಂಬತ್ತು ದಿನ.
ಸಾವಿರದ ನಾನೂರ ಹನ್ನೊಂದು ಪ್ಯಾಕೇಜು,
ಒಂದನ್ನು ಕಟ್ಟದೆ ಮತ್ತೊಂದು ಏಳದು.
ಅಕ್ಕಿ ನೆನೆಯದೆ ರುಬ್ಬಲಾದೀತೆ.

ಹಳಬ ಗೊಣಗಿ ಬಿಟ್ಟುಬಿಡುತ್ತಿದ್ದ,
ಆಯ್ತು ಮಾರಾಯ, ಹೋಗು ಎಂದು.
ಇವನು ಬಾಗಿಲಲ್ಲೇ ತಡೆದು ಕೇಳುತ್ತಾನೆ:
ಈ ಹೆಸರು ಮೊದಲೇ ಹೇಳಿದ್ದೆಯಾ? ಎಲ್ಲಿ?

ಬಿದ್ದವು ಮೂವತ್ತೆರಡು.
ಇಪ್ಪತ್ತೊಂಬತ್ತಕ್ಕೆ ತೇಪೆ ಹಾಕಿ ಎಬ್ಬಿಸಿದೆ,
ಎರಡನ್ನು ಕೈಬಿಟ್ಟೆ, ಯಾರೂ ಕೇಳಲಿಲ್ಲ.
ಉಳಿದದ್ದು ಉಬ್ಬರ ಇಳಿತದ ಲೆಕ್ಕ ಹಾಕುವ ಪುಟ್ಟದೊಂದು,
ತೊಂಬತ್ತಾರರದ್ದು.
ಬರೆದವನ ವಿಳಾಸಕ್ಕೆ ಕಳಿಸಿದ ಮೇಲ್ ತಿರುಗಿ ಬಂತು.
ಬಳಸುವವರು: ಎರಡು ಕಂಪ್ಯೂಟರ್.
ಒಂದು ನನ್ನದು.

ಪಟ್ಟಿಯಿಂದ ತೆಗಿ, ಮಲಗು,
ಎಂದಳು ಬೆನೆಡಿಕ್ಟಾ ಫೋನಿನಲ್ಲಿ, ಆಕಳಿಸುತ್ತ.
ಸರಿಯೇ.
ಕೆಳಗೆ ಐಸ್ ಪುಡಿಯಾಗುವ ಸದ್ದು.
ಅಳಿವೆಯಲ್ಲಿ ನೀರು ಏರಲೆಂದು
ಯಾವುದೋ ಬೋಟಿನವರು ಬೀಡಿ ಹಚ್ಚಿ ಕೂತಿದ್ದಾರೆ.

ಆ ಇನ್ನೊಂದು ಯಾರದು?

ಫೈಲಿನ ತಲೆಯಲ್ಲಿ ಒಂದು ಸಾಲು ಸೇರಿಸಿದೆ,
ಇಪ್ಪತ್ತೆಂಟು ವರ್ಷ ಯಾರೂ ಕೇಳದೆ ಇದ್ದದ್ದು.
ಓಡಿಸಿದೆ. ತಕರಾರಿಲ್ಲ.
ಉಬ್ಬರ ಐದು ನಲವತ್ತಕ್ಕೆ, ಅನ್ನುತ್ತದೆ.

ಕೆಳಗಿನವರಿಗೆ ಅದು ಗೊತ್ತೇ ಇದೆ.