ಕೂಡುಗೆರೆ

ರಂಗೋಲಿಹಳ್ಳದ ಎರಡನೇ ತಿರುವಿನಲ್ಲಿ
ಜೆರಾಕ್ಸ್ ಅಂಗಡಿಯ ಪಕ್ಕ ಕಬ್ಬಿಣದ ಏಣಿ ಹತ್ತಿದರೆ
ನನ್ನ ಕೋಣೆ. ಒಂದು ಕಂಪ್ಯೂಟರು, ಒಂದು ಸ್ಕ್ಯಾನರು,
ಗಿರಾಕಿ ಕೂರಲು ಕೈ ಮುರಿದ ಕುರ್ಚಿ.

ಜನ ಅಕ್ಷರ ಓದುತ್ತಾರೆ: ಲಗ್ನ, ಸ್ಥಳ, ಊಟದ ವೇಳೆ.
ಅಕ್ಷರದ ಹಿಂದೆ ಇರುವುದು ನನ್ನ ಕಸುಬು.

ಅದನ್ನು ಊರಿಂದಲೇ ಎತ್ತುತ್ತೇನೆ.
ಮಾರ್ಕೆಟ್ ಯಾರ್ಡಿನಲ್ಲಿ ಆಲೂಗೆಡ್ಡೆ ಸುರಿದ ಮೇಲೆ
ಬಾಯಿ ತೆರೆದು ಬಿದ್ದ ಗೋಣಿಚೀಲದ ನೇಯ್ಗೆ,
ಸಾಲಗಾಮೆ ರಸ್ತೆಯ ಷಟರಿನ ತುಕ್ಕು,
ಅರಸೀಕೆರೆ ಬಸ್ಸಿನ ಸೀಟಿನ ಬೆನ್ನು,
ಮೊಬೈಲಿನಲ್ಲಿ ಹಿಡಿದು, ಚೌಕ ಕತ್ತರಿಸಿ
ಹೆಸರಿಟ್ಟು ಮಡಗುತ್ತೇನೆ. ಗೋಣಿ-೩. ತುಕ್ಕು-೧೧.

ಒಂದು ಚೌಕ ಸಾಕು.
ಪಕ್ಕಕ್ಕೆ ಅದೇ, ಕೆಳಗೆ ಅದೇ, ಮತ್ತೆ ಅದೇ
ಎಂದು ಹಾಸುತ್ತ ಹೋದರೆ ಒಂದು ಗೇಣು ಗೋಣಿ
ಕಲ್ಯಾಣಮಂಟಪದ ಗೋಡೆಯಗಲ ಆಗುತ್ತದೆ.
ಕೂಡಿದಲ್ಲಿ ಗೆರೆ ಮಾತ್ರ ಕಾಣಬಾರದು.

ಗೆರೆ ಅಳಿಸಲು ಕಲಿಸಿದವರು ದಸ್ತಗೀರ್ ಸಾಬರು,
ಬೋರ್ಡು ಬರೆಯುತ್ತಿದ್ದವರು, ಕೈ ನಡುಗಲು ಶುರುವಾಗಿ
ಕುಂಚ ಬಿಟ್ಟು ಮೌಸು ಹಿಡಿದವರು.
"ಅಂಚನ್ನ ಅಂಚಲ್ಲೇ ರಿಪೇರಿ ಮಾಡಕ್ಕಾಗಲ್ಲಮ್ಮ.
ಚೌಕಾನ ಅರ್ಧ ಆಚೆಗೆ ತಳ್ಳು, ಅರ್ಧ ಕೆಳಕ್ಕೆ.
ಆಚೆ ಬಿದ್ದಿದ್ದು ಈಚೆಯಿಂದ ಒಳಗೆ ಬರ್ತದೆ.
ಆಗ ನೋಡು, ನಾಲ್ಕು ಮೂಲೇಲಿ ಅಡಗಿದ್ದ ಜಗಳ
ನಟ್ಟನಡುವೆ ಬಂದು ಕೂತಿರ್ತದೆ.
ಅಲ್ಲಿ ಹೊಲಿ."

ಅಲ್ಲಿ ಹೊಲಿಯುತ್ತೇನೆ. ಇಲ್ಲಿಯ ಎಳೆ ಅಲ್ಲಿಗೆ,
ಅಲ್ಲಿಯ ನೆರಳು ಇಲ್ಲಿಗೆ.
ಎದ್ದು ಕಾಣುವ ಒಂದು ಕಲೆಯನ್ನೂ ಚೌಕದೊಳಗೆ ಬಿಡುವುದಿಲ್ಲ.
ಬಿಟ್ಟರೆ ಅದೇ ಕಲೆ ಹನ್ನೆರಡು ಕಡೆ ತಲೆಯೆತ್ತಿ
ಇಡೀ ಗೋಡೆಯ ಗುಟ್ಟು ಹೇಳಿಬಿಡುತ್ತದೆ.

ದುದ್ದದಿಂದ ಬಂದರು ಸಣ್ಣಪ್ಪಾಚಾರ್,
ಕಿವಿಯ ಮೇಲೆ ಸೀಸದಕಡ್ಡಿ, ಕೈಯಲ್ಲಿ ಮೆಡಿಕಲ್ ಅಂಗಡಿಯ ಕವರು,
ಕವರಿನೊಳಗೆ ಹಸಿರು ಚೌಕಳಿ ಸೀರೆ.
"ಉತ್ತರಕ್ರಿಯೆ ಕಾರ್ಡು. ಹಿಂದ್ಗಡೆ ಇದೇ ಬರ್ಲಿ.
ಹೂವು, ದೀಪ, ಮೋಡ, ಏನೂ ಬ್ಯಾಡ."

ಗಾಜಿನ ಮೇಲೆ ಮಗ್ಗುಲಾಗಿ ಮಲಗಿತು ಸೀರೆ,
ಕೆಳಗೆ ಬೆಳಕು ಮೆಲ್ಲಗೆ ನಡೆಯಿತು.
ಚೌಕಳಿ ಸುಲಭ, ಗೆರೆಗೆ ಗೆರೆ ಸಿಗುತ್ತದೆ.
ನಡುವೆ ಹೆಬ್ಬೆರಳಷ್ಟು ಜಾಗದಲ್ಲಿ ಕೆಂಪು ದಾರದ ಒರಟು ಹೊಲಿಗೆ.
ಅಳಿಸಿದೆ. ಹಾಸಿದೆ. ತೋರಿಸಿದೆ.

ಮಾನಿಟರಿನ ಮೇಲೆ ಹಲಗೆ ಸವರುವಂತೆ ಬೆರಳಾಡಿಸಿದರು.
"ಸಂದು ಸಿಕ್ತಿಲ್ಲ. ಒಳ್ಳೆ ಕೆಲಸ."
ಮತ್ತೆ ಸವರಿದರು.
"ಕೆಂಪು ದಾರ ಎಲ್ಲೋಯ್ತವ್ವ?
ನನ್ನ ಉಳಿ ತಗುಲಿ ಹರ್ದಿದ್ದು. ಮನೇಲಿ ಹಸಿರು ದಾರ ಇರ್ಲಿಲ್ಲ.
ಕಾಳಮ್ಮ ಇದ್ದಿದ್ರಲ್ಲೇ ಹೊಲ್ಕೊಂಡ್ಳು."

ಹಿಂದಕ್ಕೆ ತಂದೆ. ಹಾಸಿದೆ.
ಪರದೆಯ ತುಂಬ ಕೆಂಪು, ಸಾಲಿಗೆ ಆರು, ಎಂಟು ಸಾಲು.
ತುಟಿಯಲ್ಲೇ ಎಣಿಸಿದರು, ಪೂರ್ತಿ ಎಣಿಸಿದರು.
"ಅವ್ಳು ಹೊಲ್ದಿದ್ದು ಒಂದೇ ಸಲ ಕಣವ್ವ."

ಸಾಬರ ಪಾಠದಲ್ಲಿ ಇದಿರಲಿಲ್ಲ.
ಕಲೆಯಿಲ್ಲದ್ದನ್ನೇ ಅಂಚಿಂದಂಚಿಗೆ ಹಾಸಿ
ಅದರ ಮೇಲೆ ಹೊಲಿಗೆಯನ್ನು ಒಂದೇ ಕಡೆ ಇಟ್ಟೆ.
"ಮಧ್ಯಾಹ್ನ ೧೨.೩೦ಕ್ಕೆ ಭೋಜನ" ಅಡ್ಡ ಬಂದು
ಅರ್ಧ ಮುಚ್ಚಿತು. ಸರಿಸಲೇ ಎಂದೆ.
"ಇರ್ಲಿ ಬುಡು. ಊಟದ ಹೊತ್ನಲ್ಲಿ
ಅವ್ಳು ಯಾವತ್ತು ಪೂರ್ತಿ ಕಂಡವ್ಳೆ?"

ಇನ್ನೂರು ಕಾರ್ಡು ಅಚ್ಚಾದವು.
ಒಂದೊಂದರಲ್ಲೂ ಒಂದೇ ಸಲ.
ಲೆಕ್ಕ ನಾನು ಹೇಳಲಿಲ್ಲ,
ಹಣ ಎಣಿಸಿಕೊಟ್ಟು ಅವರು ಏಣಿ ಇಳಿದರು.

ಕಲೆಯಿಲ್ಲದ ಚೌಕ ನನ್ನ ಬಳಿಯೇ ಇದೆ. ಚೌಕಳಿ-೧.
ಒಂದಂಚೂ ತಪ್ಪಿಲ್ಲ, ಎಷ್ಟಗಲಕ್ಕೆ ಬೇಕಾದರೂ ಹಾಸಬಹುದು.
ಹಸಿರು ಕೇಳಿ ಬಂದವರಿಗೆ
ಗೋಣಿ ತೋರಿಸುತ್ತೇನೆ.